ಮೂರು ಚುಕ್ಕಿಯ ಡಬ್ಬಿ

ನನ್ನ ಕೆಲಸ ಏನೆಂದು ಕೇಳಿದರೆ ಹೆಂಗಸರನ್ನು ಹೆದರಿಸುವುದು ಎನ್ನಬೇಕು. ಹಾಗೆನ್ನುವುದಿಲ್ಲ, ಚರ್ಮದ ಸಲಹೆಗಾರ್ತಿ ಎನ್ನುತ್ತೇನೆ. ಎದೆಯ ಮೇಲಿನ ಬಿಲ್ಲೆಯಲ್ಲೂ ಹಾಗೇ ಬರೆದಿದೆ. ದೊಡ್ಡ ಅಂಗಡಿಯೊಂದರ ನೆಲಮಹಡಿಯಲ್ಲಿ, ಲಿಫ್ಟಿನ ಪಕ್ಕದಲ್ಲೇ ನಮ್ಮ ಕೌಂಟರ್. ಬಂದವಳನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ದುಂಡು ಕನ್ನಡಿಯನ್ನು ಅವಳ ಮುಖಕ್ಕೆ ತಿರುಗಿಸಬೇಕು. ಮಾತಾಡಬಾರದು. ಅವಳೇ "ಅಯ್ಯೋ ದೇವರೇ" ಎನ್ನುವ ತನಕ ಕಾಯಬೇಕು. ಆಮೇಲೆ ಡಬ್ಬಿ ತೆಗೆಯಬೇಕು. ಈ ಘನವಿದ್ಯೆಯನ್ನು ನಮಗೆ ಕಲಿಸಿದವಳು ನಮ್ಮ ಮೇಲ್ವಿಚಾರಕಿ. ಅವಳಿಗೆ ನಾವಿಟ್ಟ ಹೆಸರು ಕನ್ನಡಿಯಮ್ಮ.

ಕನ್ನಡಿಯಮ್ಮ ಕಲಿಸಿದ ಇನ್ನೊಂದು ಮಾತಿದೆ. ಗಿರಾಕಿ ತಿರುಗಿ ಬಂದು "ಹಚ್ಕೊಂಡ್ರೆ ಉರಿಯುತ್ತೆ ರೀ" ಎಂದರೆ ಡಬ್ಬಿ ವಾಪಸು ತೆಗೆದುಕೊಳ್ಳಬಾರದು, ಗಾಬರಿಯನ್ನೂ ತೋರಿಸಬಾರದು. ನಗುನಗುತ್ತಾ "ಉರಿದ್ರೆ ಕೆಲಸ ಮಾಡ್ತಿದೆ ಅಂತ ಅರ್ಥ" ಎನ್ನಬೇಕು. ಹದಿನಾಲ್ಕು ವರ್ಷದಲ್ಲಿ ಇದನ್ನು ಎಷ್ಟು ಸಲ ಹೇಳಿದ್ದೇನೋ ನನಗೇ ಗೊತ್ತಿಲ್ಲ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಿಬಿಡುತ್ತೇನೆ. ಪೂರ್ತಿ ಎಚ್ಚರ ಇದ್ದಾಗಲೇ ಹೇಳಬಾರದವಳಿಗೆ ಹೇಳಿದೆ, ಅದು ನನ್ನ ಕರ್ಮ.

ನನ್ನ ತಂಗಿ ಒಂದು ಹೋಟೆಲಿನ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಾಳೆ. ಅಲ್ಲಿ ಮೂರು ದೊಡ್ಡ ಯಂತ್ರಗಳು, ಎರಡು ಇಸ್ತ್ರಿಯ ರೋಲರುಗಳು, ದಿನವಿಡೀ ಹಬೆ. ಕಿಟಕಿ ಇಲ್ಲ. ಹನ್ನೊಂದು ವರ್ಷದಿಂದ ಅಲ್ಲಿದ್ದಾಳೆ. ಬೆಳಿಗ್ಗೆ ಬಿಸಿಲು ನೋಡಿ ಒಳಗೆ ಹೋದರೆ ಹೊರಗೆ ಮಳೆ ಬಂದು ಹೋದದ್ದು ಸಂಜೆ ನೆಲ ಒದ್ದೆಯಾಗಿರುವುದನ್ನು ಕಂಡಾಗಲೇ ಅವಳಿಗೆ ತಿಳಿಯುವುದು. ನನಗೂ ಅವಳಿಗೂ ಎಂಟು ವರ್ಷ ಅಂತರ. ಇಬ್ಬರೂ ಎರಡು ಕೋಣೆಯ ಮನೆಯಲ್ಲಿ ಜಗಳವಾಡಿಕೊಂಡು ಸುಖವಾಗಿಯೇ ಇದ್ದೆವು.

ಆ ಹೋಟೆಲಿನ ಮುಂದಿನ ಮೇಜಿನಲ್ಲಿ ಒಂದು ಕೆಲಸ ಖಾಲಿಯಾಯಿತು. ಬಂದವರನ್ನು ಎದುರುಗೊಂಡು ಕೋಣೆಯ ಕೀಲಿ ಕೊಡುವ ಕೆಲಸ. ಒಳಗಿನವರೂ ಅರ್ಜಿ ಹಾಕಬಹುದು ಎಂದು ನೋಟಿಸ್ ಅಂಟಿಸಿದ್ದರಂತೆ. ಅವತ್ತು ತಂಗಿ ಚಪ್ಪಲಿ ಕೂಡ ಬಿಚ್ಚದೆ ಒಳಗೆ ಓಡಿಬಂದಳು.

"ಅಕ್ಕಾ, ಆ ಮೇಜಿನ ಎದುರಿಗೆ ದೊಡ್ಡ ಕಿಟಕಿ ಇದೆ ಕಣೇ. ಇಡೀ ರಸ್ತೆ ಕಾಣುತ್ತೆ."

"ರಸ್ತೆ ನೋಡೋಕೆ ಸಂಬಳ ಕೊಡ್ತಾರಾ?"

"ನೀನು ಸುಮ್ನಿರು. ನಂಗೆ ಆ ಕೆಲಸ ಬೇಕು."

ಅವಳು ಹೀಗೆ ಏನನ್ನಾದರೂ ಬೇಕು ಎಂದದ್ದು ನನಗೆ ನೆನಪಿರಲಿಲ್ಲ. ಅವತ್ತಿನಿಂದ ಪಾತ್ರೆ ತೊಳೆಯುವಾಗಲೂ ಅದೇ ಪಾಠ: "ನಮಸ್ಕಾರ, ದಯವಿಟ್ಟು ಬನ್ನಿ, ಪ್ರಯಾಣ ಸುಖವಾಗಿತ್ತಾ?" ನಾನು ಬಚ್ಚಲಿನಿಂದ ಹೊರಗೆ ಬಂದರೂ ಪ್ರಯಾಣ ಸುಖವಾಗಿತ್ತಾ ಎಂದು ಕೇಳುತ್ತಿದ್ದಳು. ನಗು ತಡೆಯಲು ಆಗುತ್ತಿರಲಿಲ್ಲ.

ಸಂದರ್ಶನಕ್ಕೆ ಹತ್ತು ದಿನ ಇರುವಾಗ ನನ್ನ ಮುಂದೆ ಬಂದು ಕೂತಳು. "ಊರವರಿಗೆಲ್ಲ ಆರಿಸಿ ಕೊಡ್ತೀಯ. ನನ್ನ ಮುಖಕ್ಕೂ ಏನಾದ್ರೂ ಆರಿಸಿ ಕೊಡೇ. ದಿನಾ ಹಬೆ ಕುಡಿದು ಕುಡಿದು ಹೀಗಾಗಿದೆ."

ಅವಳನ್ನು ದೀಪದ ಕೆಳಗೆ ಕೂರಿಸಿ ನೋಡಿದೆ. ಹಣೆಯ ತುಂಬ ಸಣ್ಣ ಗುಳ್ಳೆ, ಮೂಗಿನ ಪಕ್ಕದಲ್ಲಿ ಕಪ್ಪು ಚುಕ್ಕೆ, ಕೆನ್ನೆ ಒರಟು. ಅಂಥ ದೊಡ್ಡ ರೋಗವೇನಲ್ಲ. ಗಿರಾಕಿಗಳಿಗೆ ಏಳೇಳು ಡಬ್ಬಿ ಕಟ್ಟಿ ಕೊಡುವ ನಾನು ಅವಳಿಗೆ ಮೂರೇ ಮೂರು ಆರಿಸಿದೆ: ಮುಖ ತೊಳೆಯಲು ಒಂದು ಸೌಮ್ಯವಾದ ದ್ರವ, ಚರ್ಮ ಒಣಗದಂತೆ ಒಂದು ಕ್ರೀಮು, ಸತ್ತ ಚರ್ಮ ಸುಲಿದು ಹೊಳಪು ತರುವ ಒಂದು ಖಾರದ ನೀರು. ಆ ಮೂರನೆಯದು ಆಸಿಡ್ಡೇ. ಹದ ತಪ್ಪಿದರೆ ಸುಡುತ್ತದೆ. ನಮ್ಮವರಿಗೆ ಆರಿಸುವಾಗ ನಾನು ಒಳ್ಳೆಯ ಕೆಲಸಗಾತಿಯೇ, ಆ ಮಾತನ್ನು ಈಗಲೂ ಹೇಳುತ್ತೇನೆ.

ಕೌಂಟರಿನಲ್ಲಿ ಗಿರಾಕಿಗಳು ಹಚ್ಚಿ ನೋಡಲು ಇಟ್ಟ ಬಾಟಲಿಗಳಲ್ಲಿ ತಿಂಗಳ ಕೊನೆಗೆ ಉಳಿದದ್ದನ್ನು ನಾವು ಮನೆಗೆ ತರಬಹುದು. ಚಿಕ್ಕ ಡಬ್ಬಿಗಳಿಗೆ ತುಂಬಿಸಿ, ಮುಚ್ಚಳದ ಮೇಲೆ ಉಗುರುಬಣ್ಣದ ಚುಕ್ಕಿ ಇಡುತ್ತೇವೆ. ಒಂದು ಚುಕ್ಕಿ ಎಂದರೆ ದಿನಾ ಹಚ್ಚುವುದು. ಎರಡು ಚುಕ್ಕಿ ಎಂದರೆ ಎರಡು ದಿನಕ್ಕೊಮ್ಮೆ. ಮೂರು ಚುಕ್ಕಿ ಎಂದರೆ ಮೂರು ದಿನಕ್ಕೊಮ್ಮೆ, ಅದೂ ಒಂದೇ ಹನಿ. ಕೌಂಟರಿನ ಹುಡುಗಿಯರಿಗೆಲ್ಲ ಇದು ಬಾಯಿಪಾಠ. ತಂಗಿಗೆ ಉದ್ದುದ್ದ ಹೆಸರು, ವಿವರ ಎಲ್ಲ ಬರೆದು ಕೊಟ್ಟರೆ ತಲೆ ಕೆಡಿಸಿಕೊಳ್ಳುತ್ತಾಳೆ, ಚುಕ್ಕಿಯಾದರೆ ಸುಲಭ ಎಂದುಕೊಂಡೆ. ಸುಳ್ಳೇಕೆ ಹೇಳಲಿ, ಬರೆಯಲು ಸೋಮಾರಿತನವೂ ಇತ್ತು.

ಬೆಳಿಗ್ಗೆ ಹೊಸಿಲಲ್ಲಿ ನಿಂತು ಡಬ್ಬಿಗಳನ್ನು ಅವಳ ಕೈಗೆ ಕೊಟ್ಟೆ. "ಚುಕ್ಕಿ ನೋಡ್ಕೊಂಡು ಹಚ್ಚು."

"ಚುಕ್ಕಿ ನಂಗೆ ಹೇಳಿಕೊಡ್ತೀಯಾ? ದಿನಾ ನೋಡೋದೇ ಅದನ್ನ," ಎಂದಳು.

ನಗುತ್ತಾ ಬಸ್ಸಿಗೆ ಓಡಿದೆ. ದಿನಾ ಎಲ್ಲಿ ನೋಡುತ್ತೀಯೇ ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ನಾಲ್ಕನೆಯ ದಿನ ನಾನು ಸಮವಸ್ತ್ರಕ್ಕೆ ಇಸ್ತ್ರಿ ಮಾಡುತ್ತಿದ್ದೆ. ಹಿಂದಿನಿಂದ ಅವಳ ದನಿ ಬಂತು. "ಅಕ್ಕಾ, ತುಂಬ ಉರಿಯುತ್ತಲ್ಲೇ."

ತಿರುಗಿ ನೋಡಲೂ ಇಲ್ಲ. ಕಾಲರಿನ ಮಡಿಕೆ ಸರಿ ಮಾಡುತ್ತಾ ಹೇಳಿಬಿಟ್ಟೆ. "ಉರಿದ್ರೆ ಕೆಲಸ ಮಾಡ್ತಿದೆ ಅಂತ ಅರ್ಥ ಕಣೇ."

"ಹೌದಾ? ಹಾಗಾದ್ರೆ ಸರಿ ಬಿಡು," ಎಂದು ಹೋದಳು. ಅಕ್ಕ ಹೇಳಿದ ಮೇಲೆ ಮುಗಿಯಿತಲ್ಲ. ಮುಂದಿನ ದಿನಗಳಲ್ಲಿ ನಾನು ಏಳುವ ಮೊದಲೇ ಅವಳು ಕೆಲಸಕ್ಕೆ ಹೋಗಿರುತ್ತಿದ್ದಳು, ನಾನು ಬರುವಷ್ಟರಲ್ಲಿ ಮುಖಕ್ಕೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿರುತ್ತಿದ್ದಳು. ಅಂದ ಹೆಚ್ಚಿಸಿಕೊಳ್ಳುತ್ತಿದ್ದಾಳೆ ಮಹಾರಾಣಿ ಎಂದು ನಾನು ಗೇಲಿ ಮಾಡುತ್ತಿದ್ದೆ.

ಎಂಟನೆಯ ದಿನ ನನಗೆ ರಜೆ. ಅಡುಗೆಮನೆಯಲ್ಲಿ ಅವಳ ಮುಖ ನೋಡಿದೆ. ಕೆನ್ನೆಗಳು ಕೆಂಪಗೆ ಊದಿಕೊಂಡಿದ್ದವು. ಬಾಯಿಯ ಸುತ್ತ ಚರ್ಮ ಹಾಳೆಹಾಳೆಯಾಗಿ ಎದ್ದಿತ್ತು. ಹಣೆಯಲ್ಲಿ ನೀರು ತುಂಬಿದ ಗುಳ್ಳೆಗಳಿದ್ದವು.

"ಎಷ್ಟು ಸಲ ಹಚ್ಚಿದ್ಯೇ ಅದನ್ನ?"

"ದಿನಕ್ಕೆ ಮೂರು ಸಲ. ಮೂರು ಚುಕ್ಕಿ ಇದೆಯಲ್ಲ."

ಮೂರು ದಿನಕ್ಕೊಂದು ಹನಿಯ ಆಸಿಡ್ಡನ್ನು ದಿನಕ್ಕೆ ಮೂರು ಸಲ ಬಳಿದುಕೊಂಡು, ಆ ಮುಖವನ್ನು ಹಬೆಗೆ ಒಡ್ಡಿದ್ದಾಳೆ! ಬಾಯಿಗೆ ಬಂದ ಹಾಗೆ ಬೈದೆ. ಪೆದ್ದಿ ಎಂದೆ, ತಲೆಯಲ್ಲಿ ಸಗಣಿ ತುಂಬಿದೆಯಾ ಎಂದೆ. ಅವಳು ಕೆಲಸದ ಅಂಗಿಯ ಜೇಬಿನಿಂದ ಒಂದು ಬಟ್ಟೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟಳು. ಅದರ ಮೇಲೆ ಶಾಯಿಯ ಮೂರು ಚುಕ್ಕಿಗಳಿದ್ದವು.

"ನಮ್ಮಲ್ಲಿ ಕಲೆ ಜಾಸ್ತಿ ಇರೋ ಬಟ್ಟೆಗೆ ಇದನ್ನ ಕಟ್ತಾರೆ. ಒಂದು ಚುಕ್ಕಿ ಇದ್ರೆ ಒಂದು ಸಲ ಒಗೆಯೋದು. ಮೂರಿದ್ರೆ ಮೂರು ಸಲ. ನನ್ನ ಮುಖದಲ್ಲಿ ಕಲೆ ಜಾಸ್ತಿ ಇದೆ ಅಂತ ಮೂರು ಇಟ್ಟಿದೀಯ ಅಂದ್ಕೊಂಡೆ."

ಬೈಯುವುದನ್ನು ನಿಲ್ಲಿಸಿದೆ. ಕ್ಷಮಿಸು ಎಂದು ಮಾತ್ರ ಇವತ್ತಿಗೂ ಅಂದಿಲ್ಲ.

ಚರ್ಮದ ಡಾಕ್ಟರು ಮುಲಾಮು ಬರೆದು ಕೊಟ್ಟು, "ಉರಿ ಶುರುವಾದ ದಿನವೇ ಯಾಕಮ್ಮ ನಿಲ್ಲಿಸ್ಲಿಲ್ಲ?" ಎಂದು ಕೇಳಿದರು. ತಂಗಿ ನನ್ನ ಕಡೆ ನೋಡಲಿಲ್ಲ. "ಗೊತ್ತಾಗ್ಲಿಲ್ಲ ಡಾಕ್ಟ್ರೇ," ಎಂದಳು. ನೆಲ ಬಾಯಿ ಬಿಡಬಾರದೇ ಎನ್ನಿಸಿತು.

ಸಂದರ್ಶನಕ್ಕೆ ಹೋಗಬೇಡ ಎಂದೆ. ಹೋಗುತ್ತೇನೆ ಎಂದು ಹಟ ಹಿಡಿದಳು. ನಾನೂ ಜೊತೆಗೆ ಹೋದೆ. ಮುಂದಿನ ಮೇಜಿನ ಎದುರಿಗೆ ನಿಜಕ್ಕೂ ದೊಡ್ಡ ಕಿಟಕಿ ಇತ್ತು. ರಸ್ತೆಯ ಆಚೆ ಬದಿಯ ಹೂವಿನಂಗಡಿಯವನು ಬಕೆಟ್ಟುಗಳಿಗೆ ನೀರು ತುಂಬಿಸುತ್ತಿದ್ದುದು ಕಾಣುತ್ತಿತ್ತು. ಮ್ಯಾನೇಜರ್ ಹೊರಗೆ ಬಂದವನು ಎರಡು ಹೆಜ್ಜೆ ಹಿಂದೆ ಸರಿದ.

"ಏನಮ್ಮ ಇದು? ಅಂಟೋದಾ?"

"ಅಲ್ಲ ಸರ್. ಕ್ರೀಮು ಆಗಿಬರ್ಲಿಲ್ಲ ಅಷ್ಟೇ," ಎಂದಳು ತಂಗಿ. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಬಿರಿದ ತುಟಿಯಲ್ಲೇ ನಕ್ಕು, "ನಮಸ್ಕಾರ, ದಯವಿಟ್ಟು ಬನ್ನಿ, ಪ್ರಯಾಣ ಸುಖವಾಗಿತ್ತಾ?" ಎಂದಳು. ಒಂದು ಅಕ್ಷರವೂ ತಪ್ಪಲಿಲ್ಲ.

ಮ್ಯಾನೇಜರ್ ಗಡಿಯಾರ ನೋಡಿಕೊಂಡ. "ಇದು ಮುಖ ತೋರಿಸೋ ಕೆಲಸ ಅಲ್ವೇನಮ್ಮ? ಮೊದ್ಲು ಹುಷಾರಾಗಿ. ಇನ್ನೊಂದ್ಸಲ ನೋಡೋಣ."

ಅವಳು ಅಲ್ಲಿಂದಲೇ ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋದಳು. ಅವತ್ತು ಅವಳ ಪಾಳಿ ಇತ್ತು. ನಾನು ಕೌಂಟರಿಗೆ ಹೋಗಿ, ಬಂದವಳ ಮುಖಕ್ಕೆ ಕನ್ನಡಿ ತಿರುಗಿಸಿದೆ. ಬೇರೇನು ಮಾಡಬೇಕಿತ್ತು? ನನಗೆ ಬರುವುದು ಅದೊಂದೇ ಕೆಲಸ.

ಊತ ಇಳಿಯಿತು. ಕೆನ್ನೆಯ ಮೇಲೆ ಕಂದು ಕಲೆಗಳು ಉಳಿದುಕೊಂಡವು. ಮನೆಯಲ್ಲಿ ಜಗಳ ನಿಂತುಹೋಯಿತು. ಅವಳು ಸಾರು ಬೇಕಾ ಎನ್ನುತ್ತಾಳೆ, ನಾನು ಬೇಕು ಎನ್ನುತ್ತೇನೆ. ಅಷ್ಟೇ ಮಾತು. ಇದಕ್ಕಿಂತ ನಾಲ್ಕು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಎರಡು ತಿಂಗಳಾದ ಮೇಲೆ ಒಂದು ಹುಡುಗಿ ಕೌಂಟರಿಗೆ ಬಂದಳು. ಆ ಹೋಟೆಲಿನ ಹೊಸ ಸಮವಸ್ತ್ರ ಹಾಕಿದ್ದಳು, ಕುತ್ತಿಗೆಯಲ್ಲಿ ನೀಲಿ ಸ್ಕಾರ್ಫು.

"ಮುಂದಿನ ಮೇಜಿಗೆ ಹೊಸದಾಗಿ ಸೇರಿದೀನಿ. ದಿನಾ ಹಚ್ಚೋಕೆ ಏನಾದ್ರೂ ಬೇಕಿತ್ತು. ಕೆಳಗೆ ಬಟ್ಟೆ ವಿಭಾಗದಲ್ಲಿ ಒಬ್ರು ನಿಮ್ಮ ಹತ್ರಾನೇ ಹೋಗು ಅಂದ್ರು. ನಮ್ಮಕ್ಕ ತುಂಬ ಚೆನ್ನಾಗಿ ಆರಿಸಿ ಕೊಡ್ತಾಳೆ ಅಂದ್ರು."

ತಂಗಿ ಅವಳನ್ನು ಪ್ರೀತಿಯಿಂದ ಕಳಿಸಿದಳೋ, ನನ್ನ ಹೊಟ್ಟೆ ಉರಿಸಲು ಕಳಿಸಿದಳೋ, ನನಗೆ ತಿಳಿಯಲಿಲ್ಲ. ಹುಡುಗಿಯ ತಪ್ಪೇನಿದೆ? ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿ, ಅದೇ ಮೂರನ್ನು ಆರಿಸಿದೆ. ಒಂದು ಚೀಟಿ ತೆಗೆದುಕೊಂಡು ಯಾವುದು ಬೆಳಿಗ್ಗೆ, ಯಾವುದು ಮಲಗುವ ಮುಂಚೆ, ಯಾವುದು ಮೂರು ದಿನಕ್ಕೊಮ್ಮೆ ಎಂದು ದಪ್ಪ ಅಕ್ಷರದಲ್ಲಿ ಬರೆದೆ. ಎರಡು ಸಲ ಓದಿಸಿದೆ.

"ಉರಿಯುತ್ತಾ ಇದು?"

ಪಕ್ಕದಲ್ಲೇ ಕನ್ನಡಿಯಮ್ಮ ನಿಂತಿದ್ದಳು. "ಉರಿದ್ರೆ ತಕ್ಷಣ ತೊಳ್ಕೊಂಬಿಡಮ್ಮ. ಇನ್ನೊಂದು ಸಲ ಮುಟ್ಟಬೇಡ," ಎಂದೆ. ಕನ್ನಡಿಯಮ್ಮ ಕಣ್ಣು ಕೆಕ್ಕರಿಸಿದಳು. ಕೆಕ್ಕರಿಸಿಕೊಳ್ಳಲಿ.

ಸಂಜೆ ಮನೆಗೆ ಹೋದಾಗ ತಂಗಿ ಒಗೆದ ಟವೆಲು ಮಡಚುತ್ತಿದ್ದಳು. ನಾನಾಗಿಯೇ ಮಾತು ತೆಗೆದೆ. ಇವತ್ತಾದರೂ ಏನೋ ಒಂದು ಸರಿಯಾಗಿ ಮಾಡಿದೆ ಎನ್ನುವ ಧೈರ್ಯ ಇತ್ತು.

"ನೀನು ಕಳಿಸಿದ ಹುಡುಗಿ ಬಂದಿದ್ಳು."

"ಚೆನ್ನಾಗಿ ಆರಿಸಿ ಕೊಟ್ಯಾ?"

"ಹೂಂ."

"ಚುಕ್ಕಿ ಇಟ್ಟು ಕೊಟ್ಯಾ?"

"ಇಲ್ಲ ಕಣೇ. ಎಲ್ಲ ಬಿಡಿಸಿ ಚೀಟಿಯಲ್ಲಿ ಬರೆದು ಕೊಟ್ಟೆ."

ಅವಳ ಕೈ ನಿಂತಿತು. ಕಂದು ಕಲೆಯ ಆ ಮುಖವನ್ನು ಎತ್ತಿ, ಎರಡು ತಿಂಗಳಲ್ಲಿ ಮೊದಲ ಸಲ ನನ್ನನ್ನು ನೇರವಾಗಿ ನೋಡಿದಳು.

"ನಂಗೂ ಓದೋಕೆ ಬರುತ್ತೆ ಅಕ್ಕಾ," ಎಂದಳು. ಟವೆಲನ್ನು ಮಡಚಿ ಉಳಿದವುಗಳ ಮೇಲಿಟ್ಟು ಒಳಗೆ ಹೋದಳು.