ನೀಲಿ ಡ್ರಮ್ಮಿನ ಮೀನು

ನೀಲಿ, ಮತ್ತೆ ನೀಲಿ, ಆ ತಾರಸಿಯ ಮೇಲೊಂದು, ಈ ಬಚ್ಚಲ ಮುಂದೊಂದು, ಬಸ್ಸಿನ ಕಿಟಕಿಯಾಚೆ ಮನೆಗೊಂದು ನೀಲಿ ಡ್ರಮ್ಮು, ಗುಜರಿ ಅಂಗಡಿಯವನಾದ ನನ್ನ ಕಣ್ಣಿಗೆ ಇಷ್ಟು ವರ್ಷ ಇವು ಬರೀ ತೂಕವಾಗಿ ಕಾಣುತ್ತಿದ್ದವು, ಇವತ್ತು ಒಂದೊಂದರ ಬಾಯಿ ಕಾಣುತ್ತಿದೆ, ಬಾಯೊಳಗೆ ಅದ್ದುವ ಚೊಂಬು ಕಾಣುತ್ತಿದೆ — ಇವೆಲ್ಲ ನನ್ನವಲ್ಲ, ನನ್ನ ಕೈಯಿಂದ ಹೋದದ್ದು ನಾಲ್ಕೇ, ಮೂರನ್ನು ಅಜ್ಜಂಪುರದ ಈರುಳ್ಳಿ ಬೆಳೆಗಾರ ಒಯ್ದ, ಅವನು ಬೆಳಿಗ್ಗೆಯೇ ಫೋನಿಗೆ ಸಿಕ್ಕಿದ, ಮುಟ್ಟಿಲ್ಲ ಬಿಡಿ ಕಲ್ಲೇಶಣ್ಣ ಅಂದ, ನಾಲ್ಕನೆಯದು ಲಿಂಗದಹಳ್ಳಿಗೆ ಹೋಯ್ತು, ತಂಗಿ ಯಶೋದಾಳ ಹೊಸಮನೆಗೆ, ಅಣ್ಣಾ, ಗೃಹಪ್ರವೇಶಕ್ಕೆ ಮುನ್ನೂರು ಜನ ಆಗ್ತಾರೆ, ಮಜ್ಜಿಗೆ ಯಾವುದ್ರಲ್ಲಿ ಮಾಡ್ಲಿ ಅಂದಳು, ನಾನು ಅಂದೆ, ನಿಮ್ಮಣ್ಣ ಬೀರೂರಲ್ಲಿ ಯಾತಕ್ಕಿರೋದು, ಹೊಸದರಂಥಾದು ಕಳಿಸ್ತೀನಿ ಕಣೇ. ಹೊಸದರಂಥಾದು. ಅವಳ ಫೋನು ಮತ್ತೆ ಹೊಡಕೊಂಡು ಹೊಡಕೊಂಡು ನಿಂತಿತು, ಹನ್ನೊಂದನೇ ಸಲ, ಗೃಹಪ್ರವೇಶದ ಗದ್ದಲದಲ್ಲಿ ಯಾವ ಹೆಂಗಸು ಫೋನು ಕಟ್ಟಿಕೊಂಡು ಓಡಾಡುತ್ತಾಳೆ, ಭಾವನೂ ಎತ್ತುವುದಿಲ್ಲ, ಪಾದಪೂಜೆಗೆ ಕೂತಿರುತ್ತಾನೆ, ಡ್ರೈವರ್ ಮಹರಾಯ ಇಲ್ಲೂ ನಿಲ್ಲಿಸಬೇಕಾ, ಒಂದು ಕೋಳಿ ಇಳಿಸೋಕೆ ಇಷ್ಟು ಹೊತ್ತಾ.

ವೇಣು ಲಾರಿ ತಂದು ನಿಲ್ಲಿಸಿದ ದಿನ ನಾನೇ ಹಗ್ಗ ಬಿಚ್ಚಿದೆ, ಮಂಗಳೂರು ಬಂದರಿನಿಂದ ಬಂದ ಮಾಲು, ಚೀಟಿಯಲ್ಲಿ ರದ್ದಿ ಕಾಗದ, ಮುಂದಿನೆರಡು ಸಾಲು ಕಾಗದವೇ, ಅದರ ಹಿಂದೆ ಯಾವುದೋ ದೇಶದವರ ಹಾಲಿನ ಡಬ್ಬ, ಮಕ್ಕಳ ಚಡ್ಡಿ, ಹರಿದ ಟ್ಯೂಬು, ಎಲ್ಲಕ್ಕಿಂತ ಹಿಂದೆ ಐದು ಡ್ರಮ್ಮು, ಮಿರಿಮಿರಿ ನೀಲಿ. ಇದೇನೋ ವೇಣು, ಹೊರದೇಶದ ಕಸ ಬಿಡಂಗಿಲ್ಲ ಅಂತ ಸರ್ಕಾರ ಬಾಗಿಲು ಹಾಕಿದೆಯಲ್ಲೋ ಅಂದರೆ ನಕ್ಕ, ಬಾಗಿಲು ಹಾಕೈತೆ ಕಣಣ್ಣ, ಕಾಗದಕ್ಕೆ ಅಂತ ಒಂದು ಕಿಂಡಿ ಬಿಟ್ಟವ್ರೆ, ಆನೆನೂ ಅದ್ರಲ್ಲೇ ನುಗ್ಗುತ್ತೆ, ಮೊದಲು ಚೀನಾದೋರು ತಗೋತಿದ್ರಂತೆ, ಅವರು ಬ್ಯಾಡ ಅಂದ್ಮೇಲೆ ಹಡಗು ಎಲ್ಲಿಗಾದ್ರೂ ತಿರುಗಲೇಬೇಕಲ್ಲ. ನಾನೂ ನಕ್ಕೆ. ಡ್ರಮ್ಮಿನ ಮೈಮೇಲೆ ಕೆಂಪು ಚೌಕದ ಚೀಟಿ, ಒಳಗೆ ಒಂದು ಬೋಳು ಮರ, ಪಕ್ಕದಲ್ಲಿ ಹೊಟ್ಟೆ ಮೇಲೆ ಮಾಡಿಕೊಂಡು ಬಿದ್ದ ಮೀನು. ಮೀನಿನ ಡ್ರಮ್ಮೇನೋ ಇದು ಅಂದೆ, ಮಂಗಳೂರಿಂದ ಬಂದದ್ದು ಮತ್ತೇನು ಮಲ್ಲಿಗೆ ತುಂಬ್ಕೊಂಡು ಬರ್ತದಾ ಅಂದ. ಮೂಗು ಒಳಗಿಟ್ಟು ನೋಡಿದೆ, ಮೀನಿನ ವಾಸನೆ ಇಲ್ಲ, ಬಾದಾಮಿಯಂಥ ಸಣ್ಣ ಸಿಹಿ, ಮೂವತ್ತು ವರ್ಷ ಕಂಡವರ ಕಸ ಮೂಸಿದ ಮೂಗು ನನ್ನದು, ಅದು ಅವತ್ತೇ ಹಿಂದಕ್ಕೆ ಸರಿಯಿತು, ನಾನು ಸರಿಯಲಿಲ್ಲ.

ನಾನು ಯೋಚನೆ ಮಾಡಿದ್ದು ಮೈಲಿಗೆ ಒಂದನ್ನೇ. ಲಿಂಗ ಕಟ್ಟಿದವರ ಮನೆ, ಮಠದ ಸ್ವಾಮಿಗಳು ಬಂದು ಪಂಕ್ತಿಯಲ್ಲಿ ಕೂರುವ ಮನೆ, ಅಲ್ಲಿ ಮೀನಿನ ಗುರುತು ಕಂಡರೆ ಯಶೋದಾಳ ಅತ್ತೆ ಡ್ರಮ್ಮನ್ನಲ್ಲ ಅವಳನ್ನೇ ಆಚೆ ಹಾಕುತ್ತಾಳೆ, ಅದಕ್ಕೇ ಕುಡುಗೋಲಿನ ತುದಿಯಲ್ಲಿ ಚೀಟಿ ಕೆರೆದೆ, ಮೊದಲು ಮರ, ಆಮೇಲೆ ಮೀನು, ಬಾಲ ಮಾತ್ರ ಬಿಡಲೊಲ್ಲದು, ಸೀಮೆಎಣ್ಣೆ ಹಾಕಿ ತಿಕ್ಕಿದೆ, ಬೂದಿ, ಹುಣಸೆಹಣ್ಣು, ಸಗಣಿ ನೀರು, ಕಡೆಗೆ ಅಂಟು ಉಳಿದ ಜಾಗಕ್ಕೆ ಸರಿಯಾಗಿ ಮೂರು ಪಟ್ಟೆ ವಿಭೂತಿ ಎಳೆದೆ, ನೋಡಿದವರು ಕೈ ಮುಗಿಯಬೇಕು ಹಾಗೆ. ಯಶೋದಾಳಿಗೆ ಮೀನಿನ ಸುದ್ದಿ ಎತ್ತಲಿಲ್ಲ, ಎತ್ತಿದ್ದರೆ ಅವಳು ಬೇಡ ಅನ್ನುತ್ತಿದ್ದಳು, ಬೇಡ ಅಂದಿದ್ದರೆ —

ಇವತ್ತು ಬೆಳಿಗ್ಗೆ ಮಗಳು ಅಶ್ವಿನಿ, ಕಡೂರಲ್ಲಿ ಕಾಲೇಜಿಗೆ ಹೋಗುವವಳು, ಸೀರೆ ಉಟ್ಟು ಹೊರಟವಳು, ಅಂಗಡಿಯಲ್ಲಿ ಉಳಿದಿದ್ದ ಐದನೇ ಡ್ರಮ್ಮಿನ ಮುಂದೆ ನಿಂತಳು, ಅಪ್ಪಾ ಈ ಚೀಟಿ ಯಶೋದತ್ತೆಗೆ ಕೊಟ್ಟಿದ್ದರ ಮೇಲೂ ಇತ್ತಾ, ಇತ್ತು ಕಣವ್ವ, ಮೀನಿಂದು, ಚೆನ್ನಾಗಿ ತೊಳೆದಿದೀನಿ ಬಿಡು, ಅವಳ ಮುಖ ಸುಣ್ಣದಂಗಾಯ್ತು, ಅಪ್ಪಾ ಇದು ಮೀನು ತುಂಬೋ ಡ್ರಮ್ಮಲ್ಲ, ಇದ್ರಲ್ಲಿದ್ದದ್ದು ನೀರಿಗೆ ಬಿದ್ರೆ ಮೀನು ಸಾಯುತ್ತೆ, ಮರ ಒಣಗುತ್ತೆ ಅಂತ ಹೇಳೋ ಗುರುತು, ಲ್ಯಾಬಿನ ಬಾಟಲಿ ಮೇಲೆ ದಿನಾ ನೋಡ್ತೀನಿ. ಓದು ಬಾರದವನಿಗೂ ತಿಳಿಯಲಿ ಅಂತಲೇ ಚಿತ್ರ ಬರೆದಿದ್ದರು, ಎಲ್ಲೋ ಏಳು ಸಮುದ್ರದಾಚೆ ಯಾರೋ ಒಬ್ಬರು ನನಗೆ ಅಂತಲೇ ಬರೆದು ಕಳಿಸಿದ್ದರು, ನಾನು ಕೆರೆದು ಹಾಕಿದೆ.

ಹೊಡಕೊಂಡಿತು, ಫೋನು, ಯಶೋದಾ, ಹಿಂದೆ ಪಾತ್ರೆಗಳ ಸದ್ದು, ವಾಲಗ, ಅವಳ ಏದುಸಿರು, ಎಲ್ಲಿದೀಯೋ ಅಣ್ಣ, ಸೋದರಮಾವ ಇಲ್ದೆ ಮುಯ್ಯಿ ಯಾರ್ ಮಾಡ್ತಾರೆ ಅಂತ ಅತ್ತೆ ಶುರು ಹಚ್ಕೊಂಡವ್ರೆ, ನಾನು ಡ್ರಮ್ಮು ಅಂದೆ, ಅಯ್ಯೋ ಡ್ರಮ್ಮು ಬಂಗಾರ ಕಣೋ, ನಿನ್ನೆ ಇನ್ನೊಂದು ಸಲ ತೊಳ್ಸಿದೆ, ತೊಳೆದ ನೀರು ತೋಟದ ಹೊಂಡಕ್ಕೆ ಹೋಯ್ತು, ತೋಟದಾಳು ಚೌಡಪ್ಪ ಬೆಳಿಗ್ಗೆಯಿಂದ ಒಂದೇ ರಾಗ, ನಾನು ಬಿಟ್ಟ ಮೀನೆಲ್ಲಾ ನೀರ್ ಮೇಲೆ ಮಕ್ಕೊಂಡವೆ ಕಣಕ್ಕ, ಹೊಸಮನೆಗೆ ಕಣ್ಣು ಬಿತ್ತು ಅಂತ — ನಗುತ್ತಾಳೆ, ನನ್ನ ತಂಗಿ ನಗುತ್ತಾಳೆ, ನಾನು ಎದ್ದು ನಿಂತಿದ್ದೇನೆ, ಬಸ್ಸಿನವರೆಲ್ಲ ತಿರುಗಿದ್ದಾರೆ, ಚೆಲ್ಲು ಯಶೋದಾ, ಮಜ್ಜಿಗೆ ಚೆಲ್ಲು, ಒಬ್ಬರ ಬಾಯಿಗೂ ಹೋಗಬಾರ್ದು, ಅದ್ರಲ್ಲಿ ವಿಷ ಇತ್ತು ಕಣೇ, ವಿಷ.

ಆ ಕಡೆ ವಾಲಗ ಇದೆ. ಲೋಟವೊಂದನ್ನು ಕೆಳಗಿಟ್ಟ ಸದ್ದು. ಈಗ ಹೇಳ್ತೀಯಲ್ಲೋ ಅಣ್ಣ ಅಂದಳು, ಮೆಲ್ಲಗೆ, ಮಕ್ಕಳ ಪಂಕ್ತಿ ಎದ್ದು ಹೋಯ್ತು — ಆಸ್ಪತ್ರೆ ಅನ್ನಬೇಕು, ತರೀಕೆರೆಗೆ ಗಾಡಿ ಮಾಡು ಅನ್ನಬೇಕು, ಅಂದೆನೋ ಇಲ್ಲವೋ, ಮಕ್ಕಳು, ಎಷ್ಟು ಮಕ್ಕಳು, ಕಿಟಕಿಯಾಚೆ ನೀಲಿ, ಉಗುರಿನ ಸಂದಿಯಲ್ಲಿ ಇನ್ನೂ ಅಂಟು, ಮೂರು ಪಟ್ಟೆ ವಿಭೂತಿ, ವಿಭೂತಿಯ ಕೆಳಗೆ ಬಾಲ, ಬಾಲದ ಆಚೆ ಹೊಟ್ಟೆ, ಬಿಳೀ ಹೊಟ್ಟೆ, ಮೇಲಕ್ಕೆ