ಮೂರು ಎಣಿಸುವಷ್ಟು ಹೊತ್ತು

ಆಸ್ಪತ್ರೆಯವರು ಕೊಟ್ಟಿದ್ದ ಪ್ಲಾಸ್ಟಿಕ್ ಚೀಲದ ಗಂಟು ಕೈಗೆ ಬಗ್ಗಲಿಲ್ಲ. ರಂಜಿನಿ ಹಲ್ಲಿನಿಂದ ಬಿಚ್ಚಿದಳು. ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸುರಿದಾಗ ನಿಂತುಹೋದ ಗಡಿಯಾರ, ಅರ್ಧ ಸುಟ್ಟ ಬೆಲ್ಟು, ಮಸಿ ಹಿಡಿದ ಲಾರಿ ಕೀ ಬಿದ್ದವು. ಕೀ ಗಂಡನ ಅಂಗಿಯ ಜೇಬಿನಲ್ಲಿತ್ತೆಂದು ನರ್ಸ್ ಹೇಳಿದ್ದಳು.

ಅದೊಂದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಒಳಗೆ ಬಂದಳು.

ನಡುಮನೆಯಲ್ಲಿ ಹರಿಪ್ರಸಾದನನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮಲಗಿಸಿದ್ದರು. ಮುಖವನ್ನೂ ಬಿಟ್ಟಿರಲಿಲ್ಲ. ಮಗನ ತಲೆ ಯಾವ ಕಡೆ, ಕಾಲು ಯಾವ ಕಡೆ ಎಂದು ಅತ್ತೆ ಹೂವಮ್ಮ ಬಂದವರನ್ನೆಲ್ಲ ಕೇಳುತ್ತಿದ್ದಳು. ಅವರು ತೋರಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಮತ್ತೆ ಕೇಳುತ್ತಿದ್ದಳು.

ಭದ್ರಾವತಿಯ ನ್ಯೂ ಟೌನ್‌ನಲ್ಲಿ ಆ ಹೊತ್ತಿಗೆ ಬಿಸಿಲು ಏರಿತ್ತು. ಅಂಗಳದ ಶಾಮಿಯಾನದ ಕೆಳಗಿನ ಮಾತು ಕಿಟಕಿಯಿಂದ ನೇರವಾಗಿ ಒಳಗೆ ಬರುತ್ತಿತ್ತು.

"ಕೀ ಅವನ ಜೇಬಲ್ಲೇ ಇತ್ತಂತೆ. ಆದ್ರೂ ಡೀಸೆಲ್ ಪಂಪ್ ಓಡಿದೆ ಅಂದ್ರೆ ಏನರ್ಥ? ವೈರಿಂಗೇ ತಪ್ಪು." ಲಾರಿ ಮಾಲೀಕ ರಾಮಚಂದ್ರಪ್ಪನ ದನಿ. "ಒಳ್ಳೆ ಹುಡುಗ, ಇಲ್ಲ ಅನ್ನಲ್ಲ. ತನ್ನ ಕೆಲಸಕ್ಕೆ ತಾನೇ ಬಲಿಯಾದ. ನಾಳೆನೇ ನನ್ನ ನಾಲ್ಕೂ ಲಾರಿಯಿಂದ ಆ ಪಂಪ್ ಕಿತ್ತು ಹಾಕಿಸ್ತೀನಿ."

"ಸಾವ್ಕಾರ್ರೇ, ಹನ್ನೊಂದು ಲಾರಿಗೆ ಹಾಕಿದಾನೆ ಅಣ್ಣ," ಎಂದ ಹಾಲೇಶ. ಶಿವಮೊಗ್ಗದ ಲಾರಿ ರಿಪೇರಿ ಶೆಡ್ಡಿನಲ್ಲಿ ಮೆಕ್ಯಾನಿಕ್ ಹರಿಪ್ರಸಾದನ ಜೊತೆ ಆರು ವರ್ಷ ಕೆಲಸ ಮಾಡಿದವನು ಅವನು. "ಒಂದಾದ್ರೂ ದಾರೀಲಿ ನಿಂತಿದ್ಯಾ? ಮುಂಚೆ ದಿನಾ ಬೆಳಿಗ್ಗೆ ನಿಮ್ಮ ಲಾರಿ ತಳ್ಳೋಕೆ ಟೀ ಅಂಗಡಿಯವರೆಲ್ಲ ಎದ್ದು ಬರ್ಬೇಕಿತ್ತು. ಮರೆತ್ರಾ?"

"ಏಯ್, ಹೆಣ ಇಟ್ಕೊಂಡು ಜಗಳ ಬೇಡ ಮಾರಾಯ," ಎಂದರು ಯಾರೋ.

ಹೂವಮ್ಮ ತಲೆ ಎತ್ತಿದಳು. "ನನ್ನ ಮಗನೇ ತಪ್ಪು ಮಾಡ್ಕೊಂಡ್ನೇನೇ, ರಂಜಿನಿ?"

ರಂಜಿನಿ ಅತ್ತೆಯ ಜಾರಿದ ಸೆರಗನ್ನು ಭುಜಕ್ಕೆ ಏರಿಸಿದಳು. ಕೀ ಅಂಗೈಯಲ್ಲಿ ಒತ್ತುತ್ತಿತ್ತು. ಕೀ ಇವನ ಬಳಿಯೇ ಇದ್ದ ಮೇಲೆ ಪಂಪು ಹೇಗೆ ಓಡಿತು?

*

ಹೋದ ವರ್ಷ ಒಂದು ಸಂಜೆ ಹರಿಪ್ರಸಾದ ಅಂಗೈಯಗಲದ ಪೆಟ್ಟಿಗೆಯೊಂದನ್ನು ಅಡುಗೆಮನೆಗೆ ತಂದಿದ್ದ. ಒಳಗೆ ಲೋಟದಷ್ಟು ದಪ್ಪದ ಪಂಪು, ಇಂಗ್ಲಿಷಿನ ಒಂದು ಹಾಳೆ.

"ಎಂ.ಎಸ್ಸಿ. ಮೇಡಂ, ಓದಿ ಹೇಳಿ. ಫಿಸಿಕ್ಸು ರೊಟ್ಟಿ ಬೇಯಿಸೋಕಾದ್ರೆ ಸಾಕಾ?"

ಹಳೆಯ ಪಂಪಿಗೆ ಇಂಜಿನ್ನೇ ಜೀವ. ಇಂಜಿನ್ ತಿರುಗಿದರೆ ಮಾತ್ರ ಅದು ಟ್ಯಾಂಕಿನಿಂದ ಡೀಸೆಲ್ ಎಳೆಯುತ್ತದೆ. ರಾತ್ರಿ ನಿಂತ ಮುದಿ ಲಾರಿಯ ಪೈಪಿನಲ್ಲಿ ಗಾಳಿ ಸೇರಿದರೆ, ಬೆಳಿಗ್ಗೆ ಡ್ರೈವರ್ ಬಗ್ಗಿ ಕೂತು ಕೈಯಿಂದ ಒತ್ತಿ ಒತ್ತಿ ಅದನ್ನು ತೆಗೆಯಬೇಕು. ಕರೆಂಟಿನ ಪಂಪಿಗೆ ಆ ಗೋಳಿಲ್ಲ. ಕೀ ತಿರುಗಿಸಿದರೆ ಸಾಕು, ಇಂಜಿನ್ ಏಳುವ ಮೊದಲೇ ಗುಂಯ್ ಎಂದು ಓಡುತ್ತದೆ. "ಕೀ ತಿರುಗ್ಸಿ, ಮೂರು ಎಣ್ಸಿ, ಆಮೇಲೆ ಸ್ಟಾರ್ಟ್ ಮಾಡಿ," ಎಂದು ಅವನು ಪ್ರತಿ ಡ್ರೈವರನಿಗೂ ಕಲಿಸಿದ್ದ.

"ಇದಕ್ಕೆ ಬೇರೆ ಸ್ವಿಚ್ ಇಡ್ಬೇಕು ಅಂತ ಬರ್ದಿದೆ," ಎಂದಿದ್ದಳು ಅವಳು ಹಾಳೆ ಓದಿ.

"ಇಟ್ರೆ ಅವರು ಹಾಕೋದು ಮರೀತಾರೆ ಮಾರಾಯ್ತಿ. ಲಾರಿ ಎಳೀತಿಲ್ಲ ಅಂತ ನನ್ನ ತಲೆ ತಿಂತಾರೆ. ಕನೆಕ್ಷನ್ ಕೀಗೇ ಕೊಟ್ಬಿಡ್ತೀನಿ."

"ನೀವು ಲಾರಿ ಅಡೀಲಿ ಮಲಗಿದ್ದಾಗ ಯಾರಾದ್ರೂ ತಿರುಗ್ಸಿದ್ರೆ?"

"ಕೀ ನನ್ನ ಜೇಬಲ್ಲಿರತ್ತಲ್ಲ."

ಅವನು ನಕ್ಕಿದ್ದ. ಅವಳು ಹಾಳೆಯನ್ನು ಮಡಚಿ ಸಾಸಿವೆ ಡಬ್ಬಿಯ ಕೆಳಗೆ ಇಟ್ಟಿದ್ದಳು. ಈಗಲೂ ಅದು ಅಲ್ಲೇ ಇದೆ.

*

ಶೇಷಪ್ಪ ಬಂದು ಗೋಡೆಗೆ ಒರಗಿ ಕೂತ. ಹೂವಮ್ಮನ ಅಣ್ಣ. ತಂದೆಯಿಲ್ಲದ ಹರಿಪ್ರಸಾದನನ್ನು ಲಾರಿಯ ಸ್ಟೇರಿಂಗಿನ ಹಿಂದೆ ತೊಡೆಯ ಮೇಲೆ ಕೂರಿಸಿಕೊಂಡು ಬೆಳೆಸಿದವನು. ಇಪ್ಪತ್ತಾರು ವರ್ಷದಿಂದ ರಾಮಚಂದ್ರಪ್ಪನ ಬಳಿ ಡ್ರೈವರ್. ಮೊನ್ನೆ ಶೆಡ್ಡಿನಲ್ಲಿ ಬೆಂಕಿ ಹತ್ತಿದ್ದು ಅವನು ಓಡಿಸುತ್ತಿದ್ದ ಲಾರಿಯ ಅಡಿಯಲ್ಲೇ. ಮರಳು ಎರಚಿ, ಬರಿಗೈಯಿಂದ ಬಡಿದು ಆರಿಸಿದವನೂ ಅವನೇ. ಎರಡೂ ಕೈಗೆ ಬಟ್ಟೆ ಸುತ್ತಿತ್ತು.

"ನೀರು ಕುಡೀರಿ ಮಾವ."

"ಬೇಡ ಕಣಮ್ಮ." ಲೋಟವನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ ಅಂದ: "ಅಡೀಲಿ ಮಲ್ಗಿ ಪೈಪ್ ಬಿಚ್ತಿದ್ದ. ಪಕ್ಕದಲ್ಲಿ ಬಲ್ಬ್ ನೇತು ಹಾಕಿದ್ದ. ಮಾವ, ಬೇಜಾರು ಕಣೋ, ಏನಾದ್ರೂ ಮಾತಾಡು ಅಂದ. ನನಗೇನು ಮಾತು ಬರತ್ತೆ? ಟೇಪ್ ಹಾಕೋಣ ಅಂತ ಮೇಲೆ ಹತ್ತಿದೆ. ಹಾಡು ಶುರು ಆಗೋ ಅಷ್ಟರಲ್ಲಿ..." ಅವನು ಬಟ್ಟೆ ಸುತ್ತಿದ ಕೈಯಿಂದ ಬಾಯಿ ಮುಚ್ಚಿಕೊಂಡ. "ಡೀಸೆಲ್ ಚಿಮ್ತು, ಬಲ್ಬ್ ಒಡೀತು. ಅಷ್ಟೇ ನೋಡಿದ್ದು."

ರಂಜಿನಿಗೆ ತನ್ನ ದನಿ ಎಲ್ಲಿಂದಲೋ ಬಂದಂತೆ ಕೇಳಿತು. "ಟೇಪಿಗೆ ಕೀ ಬೇಕಲ್ಲ ಮಾವ? ಕೀ ಅವರ ಜೇಬಲ್ಲಿತ್ತು."

"ನಂದೊಂದಿದೆಯಲ್ಲ." ಶೇಷಪ್ಪ ಅಂಗಿ ಎತ್ತಿ ತೋರಿಸಿದ. ಸೊಂಟದ ಉಡಿದಾರದಲ್ಲಿ ಹೊಳೆಯುವ ಕೀ. "ಮೊದಲಿಂದ್ಲೂ ಇಲ್ಲೇ. ಸ್ನಾನಕ್ಕೂ ಬಿಚ್ಚಲ್ಲ."

ಅವನ ಮುಖದಲ್ಲಿ ದುಃಖ ಬಿಟ್ಟು ಬೇರೇನೂ ಇರಲಿಲ್ಲ. ಇಪ್ಪತ್ತಾರು ವರ್ಷ ಇಂಜಿನ್ ಎಬ್ಬಿಸದೆ, ಬರೀ ಟೇಪಿಗೆಂದು ಕೀ ತಿರುಗಿಸಿದಾಗ ಯಾವತ್ತೂ ಏನೂ ಆಗಿರಲಿಲ್ಲ.

ಹೂವಮ್ಮ ಅಣ್ಣನ ಹತ್ತಿರ ಸರಿದು ಅವನ ಭುಜಕ್ಕೆ ಹಣೆ ಇಟ್ಟಳು. ಇನ್ನು ಅವಳಿಗೆ ಉಳಿದಿದ್ದವನು ಅವನೊಬ್ಬನೇ.

ಬಾಗಿಲಲ್ಲಿ ಹಾಲೇಶ ನಿಂತಿದ್ದ. "ಅಕ್ಕ, ಒಂದು ಮಾತು. ಅಣ್ಣ ವೈರಿಂಗ್ ಬಗ್ಗೆ ನಿಮ್ಮ ಹತ್ರ ಏನಾದ್ರೂ ಹೇಳಿದ್ನಾ? ಹೇಳಿ, ನಾನೇ ಎಲ್ಲರ ಮುಂದೆ ಹೇಳ್ತೀನಿ. ಅಣ್ಣನ ಹೆಸರು ಹಾಳಾಗ್ತಿದೆ."

ಗಂಡನ ಹೆಸರು ಉಳಿಸಲು ಒಂದು ವಾಕ್ಯ ಸಾಕಿತ್ತು. ಅವಳು ಶೇಷಪ್ಪನ ಬಟ್ಟೆ ಸುತ್ತಿದ ಕೈಗಳನ್ನು ನೋಡಿದಳು.

"ನನಗೆ ಗೊತ್ತಿಲ್ಲ ಹಾಲೇಶ," ಎಂದಳು.

*

ಚಟ್ಟವನ್ನು ರಾಮಚಂದ್ರಪ್ಪನ ಇನ್ನೊಂದು ಲಾರಿಗೆ ಏರಿಸಿದರು. ಹೆಂಗಸರು ಗೇಟಿನ ತನಕ ಬಂದು ನಿಂತರು. ಬೇರೆ ಯಾರಾದರೂ ಓಡಿಸಲಿ ಎಂದರೂ ಶೇಷಪ್ಪ ಕೇಳಲಿಲ್ಲ. "ನನ್ನ ಮಗನ್ನ ನಾನೇ ಕರ್ಕೊಂಡು ಹೋಗ್ತೀನಿ. ಹೊಳೆ ಎಷ್ಟು ದೂರ?" ಎಂದು ಕೀ ಇಸಿದುಕೊಂಡು ಹತ್ತಿ ಕೂತ.

ತಮಟೆಯವನು ಬೀಡಿಗೆಂದು ಬಾರಿಸುವುದನ್ನು ನಿಲ್ಲಿಸಿದ್ದ. ಶೇಷಪ್ಪ ಕೀ ತಿರುಗಿಸಿದ.

ಗುಂಯ್.

ಲಾರಿಯ ಹೊಟ್ಟೆಯ ಕೆಳಗಿನಿಂದ, ಸಣ್ಣಗೆ. ಗೇಟಿನವರೆಗೂ ಕೇಳಿಸಿತು. ಒಂದು, ಎರಡು, ಮೂರು. ಅವನು ಲಾರಿ ಸ್ಟಾರ್ಟ್ ಮಾಡಲಿಲ್ಲ. ನಾಲ್ಕು, ಐದು. ಶೇಷಪ್ಪ ಕೈ ಎತ್ತಿ ಟೇಪಿನ ಮೇಲೆ ಇಟ್ಟ.

ಅವನು ಕೀ ಹಿಂದಕ್ಕೆ ತಿರುಗಿಸಿದ. ಸದ್ದು ನಿಂತಿತು. ಮತ್ತೆ ತಿರುಗಿಸಿದ. ಗುಂಯ್.

"ಏನಾಯ್ತು ಶೇಷಣ್ಣ? ಇದೂ ಕೆಟ್ಟಿದ್ಯಾ?" ರಾಮಚಂದ್ರಪ್ಪ ಕೂಗಿದ. "ನಾನು ಹೇಳ್ಲಿಲ್ವಾ!"

ಶೇಷಪ್ಪ ಕಿಟಕಿಯಿಂದ ರಂಜಿನಿಯನ್ನು ನೋಡಿದ. ಅವಳು ಆ ನೋಟವನ್ನು ಎದುರಿಸಲಾರದೆ ನೆಲ ನೋಡಿದಳು. ಕಣ್ಣು ತಪ್ಪಿಸಬಾರದಿತ್ತೆಂದು ತಕ್ಷಣ ಹೊಳೆಯಿತು. ಆದರೆ ತಡವಾಗಿತ್ತು.

ಅವನು ಕೆಳಗಿಳಿದ. ಬಟ್ಟೆ ಸುತ್ತಿದ ಕೈಗಳಿಂದ ಉಡಿದಾರ ಹುಡುಕಿ ಎಳೆದ. ಅದು ಒಂದೇ ಎಳೆತಕ್ಕೆ ಕಿತ್ತು ಬಂತು.

"ಪಂಪ್ ಕೀಳಿಸ್ಬೇಡಿ ಸಾವ್ಕಾರ್ರೇ," ಎಂದ. "ಅದು ತಾನಾಗಿ ಓಡಲ್ಲ. ಕೀ ತಿರುಗಿಸಿದ್ರೇ ಓಡೋದು."

"ಮತ್ಯಾರು ತಿರುಗಿಸಿದ್ದು?"

ಶೇಷಪ್ಪ ಗೇಟಿನ ಹತ್ತಿರ ಬಂದು, ರಂಜಿನಿಯ ಕೈ ಬಿಡಿಸಿ, ಅಲ್ಲಿದ್ದ ಸುಟ್ಟ ಕೀಯ ಪಕ್ಕಕ್ಕೆ ತನ್ನದನ್ನು ಇಟ್ಟ. ಅವನ ಮೈಯ ಬಿಸಿ ಅದರಲ್ಲಿ ಇನ್ನೂ ಇತ್ತು. ಅವನು ಲಾರಿಯ ಹಿಂದೆ ಹೋಗಿ ಹಲಗೆ ಹಿಡಿದು ನಿಂತ. ಚಪ್ಪಲಿ ಅಲ್ಲೇ ಗೇಟಿನ ಬಳಿ ಬಿಟ್ಟಿದ್ದ.

ಹಾಲೇಶ ಹತ್ತಿ ಕೂತ. ಗುಂಯ್. ಮೂರು ಎಣಿಸುವಷ್ಟು ಹೊತ್ತು ಕಾದ. ಲಾರಿ ಒಂದೇ ಸಲಕ್ಕೆ ಎದ್ದಿತು.

"ಅಣ್ಣ ಏನೇ ಕೊಟ್ಟ ನಿಂಗೆ?" ಹೂವಮ್ಮ ಕೇಳಿದಳು.

ರಂಜಿನಿ ಮುಷ್ಟಿ ಬಿಗಿದಳು. ಬೆರಳುಗಳ ಸಂದಿಯಿಂದ ಕಿತ್ತ ಉಡಿದಾರದ ತುದಿ ಕೆಳಗೆ ನೇತಾಡುತ್ತಿತ್ತು. ಹೂವಮ್ಮ ಅದನ್ನೇ ನೋಡುತ್ತಿದ್ದಳು.