ಔಟ್‌ಬಾಕ್ಸಿನಲ್ಲಿ ನಿಂತ ಹೆಸರು

ಕಂಪ್ಯೂಟರ್ ಹಾಳಾದರೆ ನನಗೆ ಸಿಟ್ಟು ಬರುವುದಿಲ್ಲ. "ನಾನೇನೂ ಮಾಡ್ಲಿಲ್ಲ ಟೀಚರ್, ಅದೇ ಹಾಳಾದದ್ದು" ಎನ್ನುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಗುರುವಾಯನಕೆರೆಯಲ್ಲಿ ಕಂಪ್ಯೂಟರ್ ತರಗತಿ ನಡೆಸುವವಳಿಗೆ ಈ ಮಾತು ದಿನಾ ತಪ್ಪಿದ್ದಲ್ಲ. ಆ ಶುಕ್ರವಾರ ಮಧ್ಯಾಹ್ನ ನನ್ನ ವಿದ್ಯಾರ್ಥಿನಿ ಮಿಸ್ರಿಯಾ ಬಾಗಿಲಲ್ಲಿ ನಿಂತು ಅದನ್ನೇ ಹೇಳಿದಾಗ ಬೈಯಲು ಬಾಯಿ ತೆರೆದಿದ್ದೆ.

"ಮೇಲ್ ಬರ್ತದೆ ಟೀಚರ್, ಹೋಗುದಿಲ್ಲ. ಹೋಗಿದೆ ಅಂತಲೇ ನಾನು ಗ್ರಹಿಸಿದ್ದು" ಎಂದವಳು ಅಲ್ಲೇ ಅಳತೊಡಗಿದಳು. ಬೈಗುಳ ನುಂಗಿಕೊಂಡು ಅವಳ ಜೊತೆ ಹೊರಟೆ.

ದಾರಿಯಲ್ಲಿ ವಿಷಯ ತಿಳಿಯಿತು. ಮಿಸ್ರಿಯಾಳ ಅಜ್ಜಿ ಬೀಯಮ್ಮನಿಗೆ ಮೂವರು ಗಂಡುಮಕ್ಕಳು. ದೊಡ್ಡವರಾದ ಅಬ್ದುಲ್ ಶುಕೂರ್ ಮಿಸ್ರಿಯಾಳ ತಂದೆ, ಪುಂಜಾಲಕಟ್ಟೆಯಲ್ಲಿ ಅಂಗಡಿ. ಎರಡನೆಯ ಹನೀಫಾ ಮೂಡುಬಿದಿರೆಯಲ್ಲಿ ಬಟ್ಟೆ ವ್ಯಾಪಾರಿ. ಕೊನೆಯವನು ರಿಝ್ವಾನ್, ಕಡಲಾಚೆಯ ದಮ್ಮಾಮಿನಲ್ಲಿ ಕೆಲಸದಲ್ಲಿದ್ದಾನೆ. ಕಳೆದ ವರ್ಷ ಅವನು ತಾಯಿಯನ್ನು ಒಂದು ಮಾತೂ ಕೇಳದೆ ಕಣ್ಣೂರಿನ ನರ್ಸ್ ಹುಡುಗಿಯನ್ನು ಮದುವೆಯಾದ. ಅಂದಿನಿಂದ ಬೀಯಮ್ಮ ಫೋನಿನಲ್ಲಿ ಅವನ ಸ್ವರ ಕೇಳಿದ ಕೂಡಲೇ ರಿಸೀವರ್ ಕೆಳಗಿಡುತ್ತಿದ್ದರು. ತಾಯಿ ಮಾತಾಡದವನ ಜೊತೆ ಅಣ್ಣಂದಿರೂ ಮಾತಾಡಲಿಲ್ಲ.

ಆ ವಾರ ಅವನ ಮೇಲ್ ಬಂತು. ಹೆಣ್ಣು ಮಗು ಹುಟ್ಟಿದೆ, ಮನೆಯ ಮಕ್ಕಳಿಗೆಲ್ಲ ಹೆಸರು ಆರಿಸಿದ್ದು ನೀವೇ, ಇವಳಿಗೂ ನೀವೇ ಹೇಳಿ, ಏಳನೇ ದಿನ ಇಡುತ್ತೇವೆ ಎಂದು ಬರೆದಿದ್ದ. ಬೀಯಮ್ಮ ಇಡೀ ರಾತ್ರಿ ಯೋಚಿಸಿ ಬೆಳಿಗ್ಗೆ ಮೊಮ್ಮಗಳಿಂದ ಉತ್ತರ ಟೈಪ್ ಮಾಡಿಸಿದರು. ಆಚೆಯಿಂದ ಸದ್ದಿಲ್ಲ. ಆ ಶುಕ್ರವಾರ ಬೆಳಿಗ್ಗೆ ಅವನದೇ ಇನ್ನೊಂದು ಮೇಲ್ ಬಂತು. "ನಿಮಗೆ ಇಷ್ಟವಿಲ್ಲ ಎಂದು ಅರ್ಥವಾಯಿತು ಉಮ್ಮ. ನಾಳೆ ನಾವೇ ಹೆಸರು ಇಡುತ್ತೇವೆ. ಇನ್ನು ತೊಂದರೆ ಕೊಡುವುದಿಲ್ಲ."

"ಎಷ್ಟು ಮೇಲ್ ಕಳಿಸಿದ್ದಿ?" ಎಂದು ಕೇಳಿದೆ.

"ಎರಡು" ಎಂದಳು. ಮತ್ತೆ ಏನೋ ಹೇಳಹೊರಟು ಸುಮ್ಮನಾದಳು.

ಚಾವಡಿಯಲ್ಲಿ ಕಂಪ್ಯೂಟರಿನ ಪಕ್ಕ ಬೀಯಮ್ಮ ಕುರ್ಚಿ ಹಾಕಿಕೊಂಡು ಕೂತಿದ್ದರು. ಜುಮಾ ನಮಾಜು ಮುಗಿಸಿ ಬಂದ ಶುಕೂರ್, ಹನೀಫಾ ಇಬ್ಬರೂ ಹಿಂದೆ ನಿಂತಿದ್ದರು.

"ಬಾ ಮಗಳೇ" ಎಂದರು ಬೀಯಮ್ಮ. "ನನ್ನ ಮಾತು ಇದರ ಒಳಗೇ ಸಿಕ್ಕಿಕೊಂಡು ಉಂಟಂತೆ. ನಾಳೆಗೆ ಮೊದಲು ಅವನಿಗೆ ಮುಟ್ಟಬೇಕು."

ನೋಡಿದರೆ, ಒಂದೇ ಕಂಪ್ಯೂಟರಿಗೆ ಎರಡು ಇಂಟರ್ನೆಟ್. ಹಿಂದಿನಿಂದ ಫೋನಿನ ವೈರು, ಮುಂದಿನಿಂದ ಬೆರಳುದ್ದದ ಡೇಟಾ ಕಾರ್ಡ್. ಎರಡೂ ಚಾಲೂ.

"ಕಳಿಸುವಾಗ ಇಂಗ್ಲಿಷಿನಲ್ಲಿ ಒಂದು ಡಬ್ಬಿ ಬರ್ಲಿಲ್ವಾ ಮಿಸ್ರಿಯಾ?"

"ಬರ್ತದೆ ಟೀಚರ್. ಓಕೆ ಒತ್ತಿದ್ರೆ ಡಬ್ಬಿ ಹೋಗ್ತದೆ."

ಓದದೆ ಓಕೆ ಒತ್ತಬೇಡಿ ಎಂದು ನಾನು ತರಗತಿಯಲ್ಲಿ ಗಂಟಲು ಹರಿದುಕೊಂಡದ್ದೆಲ್ಲ ನೀರುಪಾಲಾಯಿತು ಅನಿಸಿತು. "ಎರಡೆರಡು ಯಾಕೆ ಹಾಕಿದ್ರಿ?" ಎಂದು ಅಣ್ಣ ತಮ್ಮಂದಿರ ಕಡೆ ತಿರುಗಿದೆ.

ಉತ್ತರ ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಫೋನಿನ ಲೈನು ಶುಕೂರರದ್ದು, ಮೇಲ್ ವಿಳಾಸ ಆ ಲೈನಿನ ಕಂಪನಿಯೇ ಕೊಟ್ಟದ್ದು. ಅಂಗಡಿಗೆ ಹೊರಡುವ ಮೊದಲು ಅವರು ತಪ್ಪದೆ ಇಂಟರ್ನೆಟ್ಟಿಗೆ ಡಯಲ್ ಮಾಡಿ ಇಟ್ಟು ಹೋಗುತ್ತಿದ್ದರು. ಡೇಟಾ ಕಾರ್ಡ್ ಹನೀಫಾ ಈಚೆಗೆ ತಂದದ್ದು, ಉಮ್ಮನಿಗೆ ಬೇಗ ಆಗಲಿ ಎಂದು. ತಮ್ಮನು ಪ್ರೀತಿಯಿಂದ ತಂದದ್ದನ್ನು ತೆಗೆದರೆ ಬೇಸರವಾದೀತು ಎಂದು ಶುಕೂರ್ ಮುಟ್ಟಲಿಲ್ಲ. ಅಣ್ಣನ ಲೈನು ಕಡಿದರೆ ಮರ್ಯಾದೆಯಲ್ಲ ಎಂದು ಹನೀಫಾ ಮುಟ್ಟಲಿಲ್ಲ. ಇಷ್ಟು ಮರ್ಯಾದಸ್ಥರ ಮನೆಯಲ್ಲಿ ಪಾಪದ ಕಂಪ್ಯೂಟರ್ ಬಾಳುವುದಾದರೂ ಹೇಗೆ?

"ನೋಡಿ" ಎಂದೆ. "ಮೇಲ್ ತರುವುದಕ್ಕೆ ಹೆಸರು, ಪಾಸ್‌ವರ್ಡ್ ಸಾಕು, ಯಾವ ಲೈನಾದ್ರೂ ಆಗ್ತದೆ. ಕಳಿಸುವಾಗ ಹಾಗಲ್ಲ. ಆ ಕಂಪನಿಯ ಸರ್ವರ್ ತನ್ನ ಲೈನಲ್ಲಿ ಬಂದ ಮೇಲ್ ಮಾತ್ರ ತಗೊಳ್ಳುದು. ನಿಮ್ಮ ಕಂಪ್ಯೂಟರ್ ವೇಗದ ಲೈನ್ ನೋಡಿ ಕಾರ್ಡಿನಲ್ಲಿ ಕಳಿಸ್ತಾ ಉಂಟು. ಒಂದು ಬಸ್ಸಿನ ಪಾಸ್ ಹಿಡ್ಕೊಂಡು ಇನ್ನೊಂದು ಕಂಪನಿಯ ಬಸ್ ಹತ್ತಿದ ಹಾಗೆ. ಇಳಿಸದೆ ಮತ್ತೇನು ಮಾಡ್ತಾರೆ? ಕಾರ್ಡ್ ತೆಗೆದ್ರೆ ಆಯ್ತು."

ಹೇಳುತ್ತಲೇ, ಹೋಗದ ಮೇಲ್ ನಿಲ್ಲುವ ಔಟ್‌ಬಾಕ್ಸ್ ತೆರೆದೆ. ಎರಡು ಮೇಲ್ ಒಂದರ ಕೆಳಗೊಂದು ನಿಂತಿದ್ದವು. ಮಿಸ್ರಿಯಾ ಫಕ್ಕನೆ ನನ್ನ ಕೈ ಹಿಡಿದಳು.

"ಟೀಚರ್, ಎರಡನೇದು ಬೇಡ. ಅದರಲ್ಲಿ ಅಜ್ಜಿ..."

"ತಗೊಳ್ಳಿ ಟೀಚರ್, ತೆಗ್ದೆ" ಎಂದರು ಹನೀಫಾ. ತನ್ನಿಂದ ಅಣ್ಣನ ಲೈನಿಗೆ ಅಡ್ಡಿಯಾಯಿತಲ್ಲ ಎಂಬ ನಾಚಿಕೆಯಲ್ಲಿ ನಾನು ಹೇಳಿ ಮುಗಿಸುವಷ್ಟರಲ್ಲೇ ಕಾರ್ಡ್ ಎಳೆದಿದ್ದರು. ಮೇಲ್ ತಾನಾಗಿ ಹೋಗುವಂತೆ ಹಾಕಿಟ್ಟಿದ್ದರು. ಮೊದಲನೆಯದು ಮಾಯವಾಯಿತು. ನಾನು ನಿಲ್ಲಿಸುವ ಗುಂಡಿ ಒತ್ತುವಷ್ಟರಲ್ಲಿ ಎರಡನೆಯದೂ ಹೋಯಿತು.

"ಅಲ್‌ಹಮ್ದುಲಿಲ್ಲಾ" ಎಂದರು ಶುಕೂರ್.

"ಎರಡೂ ಹೋಯ್ತು ಅಜ್ಜಿ" ಎಂದಳು ಮಿಸ್ರಿಯಾ.

ಬೀಯಮ್ಮನ ಮುಖ ಬಿಳಿಚಿಕೊಂಡಿತು. ಮೊದಲನೆಯದರಲ್ಲಿ ಹೆಸರಿತ್ತು. ಅದಕ್ಕೆ ಉತ್ತರ ಬಾರದಾಗ, ತಾನೇ ಹೆಸರು ಕೇಳಿ ಈಗ ಅವಮಾನ ಮಾಡಿದ ಎಂಬ ಕೋಪದಲ್ಲಿ ಎರಡನೆಯದನ್ನು ಬರೆಸಿದ್ದರು. ನೀನು ನನ್ನ ಮಗನಲ್ಲ, ಆ ಮಗುವಿನ ಮುಖ ನಾನು ನೋಡುವುದಿಲ್ಲ. ಬರೆಸಿದ ಸಂಜೆಯಿಂದಲೇ ಪಶ್ಚಾತ್ತಾಪ. ಅದು ಹೋಗಲೇ ಇಲ್ಲ ಎಂದು ಬೆಳಿಗ್ಗೆ ತಿಳಿದಾಗ ದೇವರೇ ತಡೆದ ಎಂದುಕೊಂಡಿದ್ದರಂತೆ.

"ಅದನ್ನು ವಾಪಸ್ ಕರೀಲಿಕ್ಕೆ ಆಗ್ತದಾ ಮಗಳೇ?"

"ಇಲ್ಲ ಉಮ್ಮ" ಎಂದೆ. ನನ್ನ ಕೆಲಸ ಸರಿಯಾದದ್ದಕ್ಕೆ ನನಗೇ ದುಃಖವಾದದ್ದು ಅದೊಂದೇ ಸಲ.

ಅವರು ಫೋನಿನ ಕಡೆ ನೋಡಿದರು.

"ಶುಕೂರ್, ಅವನಿಗೆ ಫೋನ್ ಮಾಡು."

ಶುಕೂರ್ ರಿಸೀವರ್ ಎತ್ತಿದರೆ ಮೋಡೆಮ್ಮಿನ ಕಿರುಚಾಟ. ಅವರು ಹಿಂದೆ ಮುಂದೆ ನೋಡದೆ ಬಗ್ಗಿ ತಮ್ಮ ವೈರನ್ನೂ ಕಿತ್ತರು. ನಂಬರು ಒತ್ತಿ, ರಿಂಗಾದ ಕೂಡಲೇ ತಾಯಿಯ ಕೈಗೆ ಕೊಟ್ಟರು.

"ನಾನು" ಎಂದರು ಬೀಯಮ್ಮ. "ಮೇಲ್ ಬಂತಾ? ಎರಡನೇದು ಓದ್ಬೇಡ."

ಅವರು ಕಣ್ಣು ಮುಚ್ಚಿಕೊಂಡರು. "ಓದಿದ್ದಾನಂತೆ" ಎಂದು ನಮಗೆ ಹೇಳಿದರು. ಅಲ್ಲಿ ಶುಕ್ರವಾರ ರಜೆ, ಕಂಪ್ಯೂಟರಿನ ಎದುರೇ ಕಾದು ಕೂತಿದ್ದನಂತೆ.

ಇನ್ನು ರಿಸೀವರ್ ಕೆಳಗಿಡುತ್ತಾರೆ ಎಂದುಕೊಂಡೆ. ಅವರು ಇಡಲಿಲ್ಲ. ಎರಡೂ ಕೈಯಲ್ಲಿ ಗಟ್ಟಿ ಹಿಡಿದರು.

"ಮುಖ ನೋಡುದಿಲ್ಲ ಅಂತ ಹೇಳಿದ್ದು ನಾನೇ ರಿಝ್ವಾನ್. ತಪ್ಪಾಯ್ತು. ಈಗ ನೋಡ್ಬೇಕು ಅಂದ್ರೂ ಇಲ್ಲಿಂದ ಕಾಣುದಿಲ್ಲ. ಅವಳ ಕಿವಿಗೆ ಫೋನ್ ಇಡು."

ಆಚೆ ಏನೋ ಓಡಾಟದ ಸದ್ದು, ಒಂದು ಹೆಣ್ಣಿನ ಸ್ವರ, ಆಮೇಲೆ ಎಳೆಯ ಅಳು. ಚಾವಡಿಯಲ್ಲಿದ್ದ ನಮಗೆಲ್ಲ ಅದು ಕೇಳಿಸಿತು. ಅಣ್ಣ ವೈರು ಹಿಡಿದುಕೊಂಡು, ತಮ್ಮ ಕಾರ್ಡ್ ಹಿಡಿದುಕೊಂಡು ಅಲ್ಲಾಡದೆ ನಿಂತಿದ್ದರು.

ಬೀಯಮ್ಮ ತಲೆಯ ಮೇಲಿಂದ ಜಾರಿದ ಬಟ್ಟೆ ಸರಿಮಾಡಿಕೊಂಡು, ರಿಸೀವರನ್ನು ಬಾಯಿಯ ಹತ್ತಿರ ತಂದು, ಮಗುವಿಗೆಂದು ಆರಿಸಿದ್ದ ತನ್ನ ತಾಯಿಯ ಹೆಸರನ್ನು ಮೆಲ್ಲಗೆ ಹೇಳಿದರು.

"ನಫೀಸಾ."

ಅಳು ನಿಲ್ಲಲಿಲ್ಲ. ಅವರು ಮತ್ತೆ ಹೇಳಿದರು.